ಇಂಜಿನ್ ತೊಳೆದೆ, ಈಗ ಗಾಡಿ ಗಡಗಡ ನಡುಗುತ್ತಿದೆ

ಹಾಸನದ_ಚಕ್ರ: ಆಯುಧಪೂಜೆಗೆ ಅಂತ ನಿನ್ನೆ ಬಾನೆಟ್ ಎತ್ತಿ ಪ್ರೆಷರ್ ವಾಷರ್‌ನಲ್ಲೇ ಇಂಜಿನ್ ತೊಳೆದೆ. 2013ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಸಂಜೆ ಸ್ಟಾರ್ಟ್ ಮಾಡಿದರೆ ಒಂದೇ ಸಮ ನಡುಕ, ಪಿಕಪ್ ಇಲ್ಲ. ಚೆಕ್ ಇಂಜಿನ್ ಲೈಟ್ ಮಿಣಿಮಿಣಿ ಅನ್ನುತ್ತಿದೆ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಯ್ತಾ?

ಡೀಸೆಲ್_ಮಾವ: ಸುಮ್ನೆ ಇಪ್ಪತ್ತು ಕಿಲೋಮೀಟರ್ ಓಡಿಸಿ. ಬಿಸಿಗೆ ನೀರೆಲ್ಲ ಆರುತ್ತದೆ. ನನ್ನ ಗಾಡಿ ಹತ್ತು ವರ್ಷದಿಂದ ಹೀಗೇ ತೊಳೆಯುತ್ತಿದ್ದೇನೆ.

ಗ್ರೀಸ್_ಕೈ: ಮಾವ, ನಿಮ್ಮದು ಡೀಸೆಲ್. ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಲ್ಲ! ಇದು ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಲೈಟ್ ಮಿಣುಕುತ್ತಿದ್ದರೆ ಓಡಿಸಲೇಬಾರದು. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕಾದು ಕರಗಿದರೆ ಜೇಬೂ ಕರಗುತ್ತದೆ. ಚಕ್ರ ಅವರೇ, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಎತ್ತಿ ಪ್ಲಗ್ ಕೂರುವ ಗುಂಡಿ ನೋಡಿ. ನೀರಿದ್ದರೆ ಹೀರಿಸಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ. ಒಣಗುವ ಮುಂಚೆ ಮಾತ್ರ ಪ್ಲಗ್ ಬಿಚ್ಚಬೇಡಿ, ನೀರು ಸೀದಾ ಸಿಲಿಂಡರ್‌ಗೆ ಇಳಿಯುತ್ತದೆ.

ಹಾಸನದ_ಚಕ್ರ: ಎರಡನೇ ಗುಂಡಿಯಲ್ಲಿ ಎರಡು ಚಮಚ ನೀರಿತ್ತು ಸಾರ್, ಮಣ್ಣು ಬಣ್ಣದ್ದು. ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ಹೀರಿಸಿದೆ, ಗಾಳಿಯೂ ಆಯ್ತು. ನಡುಕ ಕಮ್ಮಿಯಾಗಿದೆ, ಹೋಗಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0302 ಅನ್ನೋ ದೋಷದ ಕೋಡ್.

ತುಮಕೂರ್_ಟಾಪ್‌ಗೇರ್: ಏರ್ ಫಿಲ್ಟರ್ ಒದ್ದೆಯಾಗಿರಬೇಕು. ಅದನ್ನು ನೋಡಿದಿರಾ?

ಗ್ರೀಸ್_ಕೈ: ಫಿಲ್ಟರ್ ಆದರೆ ನಾಲ್ಕೂ ಸಿಲಿಂಡರ್ ಒದ್ದಾಡಬೇಕಿತ್ತು. 0302 ಅಂದರೆ ಎರಡನೆಯದು. ಎರಡರ ಕಾಯಿಲ್ ಮೂರಕ್ಕೆ, ಮೂರರದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಮತ್ತೆ ನೋಡಿ. 0303 ಬಂದರೆ ಕಾಯಿಲೇ ಕಳ್ಳ. ಅಲ್ಲೇ ಉಳಿದರೆ ಪ್ಲಗ್ ಕಡೆ ಹೋಗೋಣ.

ಹಾಸನದ_ಚಕ್ರ: 0303 ಬಂತು! ಕಾಯಿಲ್‌ನ ರಬ್ಬರ್ ಮೇಲೆ ಕೂದಲೆಳೆಯಷ್ಟು ಸೀಳು, ಅದರುದ್ದಕ್ಕೂ ಬೂದು ಗೆರೆ.

ಗ್ರೀಸ್_ಕೈ: ಕಿಡಿ ಅಲ್ಲಿಂದಲೇ ಹೊರಗೆ ಹಾರುತ್ತಿದೆ. ಸೀಳು ಮೊದಲೇ ಇದ್ದಿರಬೇಕು. ನೀರು ಬರೀ ತೋರಿಸಿಕೊಟ್ಟಿತು.

ತುಮಕೂರ್_ಟಾಪ್‌ಗೇರ್: ಒಪ್ಪಲ್ಲ ಗುರು. ನಿನ್ನೆ ಬೆಳಿಗ್ಗೆ ತನಕ ಚೆನ್ನಾಗಿದ್ದ ಗಾಡಿ. ಹಳೇ ರಬ್ಬರ್ ಅಂತ ಗೊತ್ತಿದ್ದೂ ಪ್ರೆಷರ್ ನೀರು ಯಾಕೆ ಬಿಡಬೇಕು? ಒದ್ದೆ ಬಟ್ಟೆ, ಹಳೇ ಬ್ರಷ್ ಸಾಲದಾ?

ಡೀಸೆಲ್_ಮಾವ: ಗ್ಯಾರೇಜಿನವರು ನಾಲ್ಕೂ ಬದಲಿಸಿ ಅಂತಾರೆ, ಕೇಳಬೇಡಿ. ಒಂದು ಸಾಕು.

ಗ್ರೀಸ್_ಕೈ: ಈ ಸಲ ಮಾವ ಹೇಳಿದ್ದು ಅರ್ಧ ಸರಿ. ಉಳಿದ ಮೂರರ ರಬ್ಬರ್ ಬಗ್ಗಿಸಿ ನೋಡಿ, ಸೀಳು ಕಂಡರೆ ಅದನ್ನೂ ತನ್ನಿ.

ಹಾಸನದ_ಚಕ್ರ: ಉಳಿದವು ಚೆನ್ನಾಗಿವೆ. ಹೊಸದು ಸೋಮವಾರ ಬರುತ್ತದಂತೆ. ನಾಳೆ ನಿಂಬೆಹಣ್ಣಿನ ಮೇಲೆ ಮನೆಮಂದಿಯೆಲ್ಲ ಸೇರಿ ತಳ್ಳಿಯೇ ಹತ್ತಿಸುತ್ತೇವೆ.