ಬೀಗಲ್‌ಬೋನ್ ಬ್ಲ್ಯಾಕ್: ಯು-ಬೂಟ್ ಪ್ರಾಂಪ್ಟಿಂದಲೇ ಇಎಂಎಂಸಿಗೆ ಬರೆಯೋದು ಹೇಗೆ?

ಪ್ರಶ್ನೆ: ನನ್ನ ಬೀಗಲ್‌ಬೋನ್ ಬ್ಲ್ಯಾಕ್ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಆನ್ ಮಾಡಿದರೆ ಸೀರಿಯಲ್ ಕೇಬಲ್ಲಿನ ಪರದೆಯಲ್ಲಿ ಎಸ್‌ಪಿಎಲ್ (ಬೂಟಿನ ಮೊದಲ ಹಂತದ ಪುಟ್ಟ ಪ್ರೋಗ್ರಾಮ್) ಸಾಲು ಬಂದು ಅಲ್ಲೇ ನಿಲ್ಲುತ್ತೆ. ಎಸ್‌ಡಿ ಕಾರ್ಡಿಂದ ಯು-ಬೂಟ್ (ಲಿನಕ್ಸನ್ನ ಎಬ್ಬಿಸೋ ಬೂಟ್‌ಲೋಡರ್) ಏಳುತ್ತೆ. ಲಿನಕ್ಸ್ ಇಲ್ಲದೆ ಇಎಂಎಂಸಿಯಲ್ಲಿರೋ (ಬೋರ್ಡಿನ ಮೇಲೇ ಇರೋ ಸ್ಟೋರೇಜ್ ಚಿಪ್) ಯು-ಬೂಟ್ ಇಮೇಜನ್ನ ಸರಿಮಾಡಬಹುದಾ? ಒಳಗಿರೋ ಡೇಟಾ ಉಳಿಯಬೇಕು.

ಉತ್ತರ: ಆಗುತ್ತೆ ಸರ್. ಎಸ್‌ಪಿಎಲ್ ಸಾಲು ಬರ್ತಿದೆ ಅಂದ್ರೆ ಎಂಎಲ್ಒ (ಎಸ್‌ಪಿಎಲ್ ಇರೋ ಫೈಲ್) ಓಡ್ತಿದೆ, ಕೆಟ್ಟಿರೋದು ಅದರ ಮುಂದಿನದು. ಡೆಬಿಯನ್ ಇಮೇಜುಗಳಲ್ಲಿ ಎಂಎಲ್ಒ 128 ಕೆಬಿಯಿಂದ, ಯು-ಬೂಟ್ ಇಮೇಜ್ 384 ಕೆಬಿಯಿಂದ ಶುರು. 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ 256 ಮತ್ತು 768. ಟೈಪ್ ಮಾಡಬೇಕಾದ್ದು ಮಾತ್ರ 100 ಮತ್ತು 300, ಯಾಕಂದ್ರೆ ಯು-ಬೂಟ್ ತಗೊಳ್ಳೋದು ಹೆಕ್ಸ್ (16ರ ಆಧಾರದ ಸಂಖ್ಯೆ). ತೋರಿಸೋದು ಡೆಸಿಮಲ್! 300 ಕೊಟ್ಟರೆ ಪರದೆ ಮೇಲೆ 768 ಅಂತ ಬರುತ್ತೆ. ಅದನ್ನೇ ನೋಡಿಕೊಂಡು 768 ಟೈಪ್ ಮಾಡಿದರೆ ಹೋಗೋದು 1896ನೇ ಬ್ಲಾಕಿಗೆ.

ಕಾರ್ಡಿಂದ ಏಳಿಸೋಕೆ ಪವರ್ ಕೊಡುವಾಗಲೇ ಎಸ್2 (ಬೂಟ್) ಬಟನ್ ಒತ್ತಿಹಿಡೀರಿ, ರೀಸೆಟ್ ಸಾಲದು. ಆಮೇಲೆ "ಲೋಡ್ ಎಂಎಂಸಿ 0:1 82000000" ಮತ್ತು ಫೈಲಿನ ಹೆಸರು. 0 ಅಂದ್ರೆ ಎಸ್‌ಡಿ, 1 ಅಂದ್ರೆ ಇಎಂಎಂಸಿ; 82000000 ಅನ್ನೋದು ಫೈಲ್ ಬಂದು ಕೂರೋ ಮೆಮೊರಿ ವಿಳಾಸ. ಗಾತ್ರ ಹೆಕ್ಸ್‌ನಲ್ಲೇ ಫೈಲ್‌ಸೈಜ್ ವೇರಿಯಬಲ್ಲಿಗೆ ಬಂದಿರುತ್ತೆ. ಅದನ್ನ ಹೆಕ್ಸ್ 200ರಿಂದ ಭಾಗಿಸಿ, ಶೇಷ ಬಿಟ್ಟು 1 ಕೂಡಿಸಿ: 70450 ಇದ್ದರೆ 383 ಬ್ಲಾಕ್ (ಎರಡೂ ಹೆಕ್ಸ್). ಕೊನೆಗೆ "ಎಂಎಂಸಿ ಡೆವ್ 1 0", "ಎಂಎಂಸಿ ರೈಟ್ 82000000 300 383". "ಡೆವ್ 1 0"ರ ಕೊನೆಯ 0 ಬಿಡಬೇಡಿ. ಅಲ್ಲಿ 1 ಇದ್ದರೆ ಬರೆಯೋದೆಲ್ಲ ಇಎಂಎಂಸಿಯ ಪ್ರತ್ಯೇಕ ಬೂಟ್ ಪಾರ್ಟಿಷನ್‌ಗೆ ಹೋಗುತ್ತೆ.

ಇನ್ನೊಬ್ಬರು: ಬರೆಯೋಕೆ ಮುಂಚೆ "ಎಂಎಂಸಿ ಪಾರ್ಟ್" ಕೊಟ್ಟು ಮೊದಲ ಪಾರ್ಟಿಷನ್ ಎಲ್ಲಿಂದ ಶುರು ಅಂತ ನೋಡಿ. ಇದೂ ಡೆಸಿಮಲ್. 2048 ಇದ್ದರೆ ನಿಮಗಿರೋ ಜಾಗ ಬರೀ 640 ಕೆಬಿ. ಅದಕ್ಕಿಂತ ದೊಡ್ಡ ಇಮೇಜ್ ಹಾಕಿದರೆ ಫೈಲ್ ಸಿಸ್ಟಮ್ಮಿನ ತಲೆಯೇ ಹೋಗುತ್ತೆ. 8192 ಇದ್ದರೆ ಧಾರಾಳ.

ಮೊದಲ 1 ಎಂಬಿಯ ಬ್ಯಾಕಪ್ ತಗೊಳ್ಳಿ: "ಎಂಎಂಸಿ ರೀಡ್ 84000000 0 800". ಕಾರ್ಡಿನ ಮೊದಲ ಪಾರ್ಟಿಷನ್ ಫ್ಯಾಟ್ ಆಗಿದ್ದರೆ ಫ್ಯಾಟ್‌ರೈಟ್ ಕಮಾಂಡಿನಿಂದ 100000 ಗಾತ್ರ ಕೊಟ್ಟು ಉಳಿಸಿ.

ಕೇಳಿದವರು: ಬರೆಯೋ ಮುಂಚೆ ಎರೇಸ್ ಮಾಡಬೇಕಾ?

ಉತ್ತರ: ದಯವಿಟ್ಟು ಬೇಡ. ಅದು ನ್ಯಾಂಡ್ ಫ್ಲ್ಯಾಶಿನ (ಬರೆಯೋ ಮುಂಚೆ ಅಳಿಸಲೇಬೇಕಾದ ಬರೀ ಮೆಮೊರಿ ಚಿಪ್) ಅಭ್ಯಾಸ. ಇಎಂಎಂಸಿಗೆ ನೇರ ಬರೀಬಹುದು. ಎರೇಸ್ ಆಗೋದು ಗುಂಪು ಗುಂಪಾಗಿ, ಎಷ್ಟೋ ಚಿಪ್ಪುಗಳಲ್ಲಿ 512 ಕೆಬಿಯ ಗುಂಪು. 300ರಿಂದ ಅಂತ ಕೊಟ್ಟರೂ ಅದು ಹಿಂದಕ್ಕೆ ಸರಿದು 0ಯಿಂದ ಅಳಿಸುತ್ತೆ. ಪಾರ್ಟಿಷನ್ ಟೇಬಲ್ಲೂ ಎಂಎಲ್ಒನೂ ಒಟ್ಟಿಗೆ ಹೋಗುತ್ತವೆ. ಎಚ್ಚರಿಕೆಯ ಸಾಲು ಬರುತ್ತೆ, ಆದರೆ ತಡೆಯೋದಿಲ್ಲ.

ಮತ್ತೊಬ್ಬರು: "ರೈಟ್ ಓಕೆ" ಅಂತ ಬಂತು ಅಂತ ನಂಬಬೇಡಿ. "ಎಂಡಬ್ಲ್ಯು.ಬಿ" ಕಮಾಂಡಿನಿಂದ 84000000 ವಿಳಾಸದ ಮೆಮೊರಿಗೆ ಸೊನ್ನೆ ತುಂಬಿ, ಅಲ್ಲಿಗೆ 300ರಿಂದ 383 ಬ್ಲಾಕ್ ಓದಿ, "ಸಿಎಂಪಿ.ಬಿ 82000000 84000000 70450" ಕೊಡಿ. 459856 ಬೈಟೂ ಒಂದೇ ಅಂತ ಬರಬೇಕು. ಎಂಎಲ್ಒ ಮತ್ತು ಇಮೇಜ್ ಒಂದೇ ಬಿಲ್ಡಿನವೇ ಇರಲಿ, ಇಲ್ಲದಿದ್ದರೆ ಮತ್ತೆ ಅದೇ ಜಾಗದಲ್ಲಿ ನಿಲ್ಲಬಹುದು. ಹೋಲಿಕೆ ಸರಿಬಂದ ಮೇಲೆ ಕಾರ್ಡ್ ತೆಗೆದು, ಪವರ್ ಪೂರ್ತಿ ಕಿತ್ತು ಮತ್ತೆ ಕೊಡಿ.