ಮಾರ್ಷ್‌ಮ್ಯಾಲೋ, ಜೈಲು, ಮಿಲ್‌ಗ್ರಾಮ್: ಶಿಕ್ಷಕರ ತರಬೇತಿಯಲ್ಲಿ ಇವನ್ನೆಲ್ಲ ಇನ್ನೂ ಹೇಳಬಹುದಾ?

ಹೇಮಾವತಿ ದಂಡೆ, ಹಾಸನ

ಹಾಸನದಲ್ಲಿ ಪ್ರೌಢಶಾಲೆ ಮತ್ತು ಪಿಯು ಶಿಕ್ಷಕರಿಗೆ ಅರ್ಧ ದಿನದ ತರಬೇತಿ ಇದೆ. ಹಳೇ ಟಿಪ್ಪಣಿಯಲ್ಲಿ ಐದು ಪ್ರಯೋಗಗಳಿವೆ: ಮಾರ್ಷ್‌ಮ್ಯಾಲೋ (ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ಸ್ವಲ್ಪ ಹೊತ್ತು ಕಾದರೆ ಎರಡು ಕೊಡ್ತೀವಿ ಅನ್ನೋದು), ಸ್ಟ್ಯಾನ್‌ಫರ್ಡ್ ಜೈಲು, ಮಿಲ್‌ಗ್ರಾಮ್ ಶಾಕ್, ಸಂಕಲ್ಪಶಕ್ತಿ ಬಳಸಿದಷ್ಟೂ ಖಾಲಿಯಾಗುತ್ತೆ ಅನ್ನೋದು, ಆಮೇಲೆ ಗ್ರೋತ್ ಮೈಂಡ್‌ಸೆಟ್ (ಬುದ್ಧಿ ಪ್ರಯತ್ನದಿಂದ ಬೆಳೆಯುತ್ತೆ ಅನ್ನೋ ನಂಬಿಕೆ). 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಲ್ಲಿ ಮಾತ್ರ ಗಣನೀಯ (ಬರೀ ಆಕಸ್ಮಿಕ ಅನ್ನೋಕಾಗದ) ಫಲಿತಾಂಶ ಬಂತು, ಪರಿಣಾಮದ ಗಾತ್ರವೂ (ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋ ಅಳತೆ) ಸರಾಸರಿ ಅರ್ಧಕ್ಕಿಳಿಯಿತು ಅನ್ನೋದು ಗೊತ್ತಿದೆ. ಆದರೆ ಆ ಒಟ್ಟು ಲೆಕ್ಕದಿಂದ ಈ ಐದರಲ್ಲಿ ಯಾವುದು ಉಳೀತು ಅಂತ ಹೇಳೋಕಾಗಲ್ಲ.

ಕೇಳೋಕೆ ಕಾರಣ ಇದೆ. ಪೋಷಕರ ಸಭೆಗಳಲ್ಲಿ ಮಾರ್ಷ್‌ಮ್ಯಾಲೋ ವಿಡಿಯೋ ಹಾಕಿ, ತಡೆದುಕೊಳ್ಳೋ ಮಗು ಮುಂದೆ ಬರುತ್ತೆ, ಉಳಿದವು ಬರಲ್ಲ ಅನ್ನೋ ಹಾಗೆ ಮಾತಾಡ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಂದ ಬಂದ ಅಪ್ಪ ಅಮ್ಮಂದಿರ ಎದುರೇ ಇದನ್ನ ಹೇಳ್ತಾರೆ. ಈ ಐದರಲ್ಲಿ ಯಾವುದನ್ನ ಉಳಿಸಬೇಕು, ಯಾವುದನ್ನ ತೆಗೀಬೇಕು? ತರಗತಿಯಲ್ಲೇ ಮಕ್ಕಳ ಜೊತೆ ಮಾಡಿ ತೋರಿಸಬಹುದಾದ, ನಂಬಿಕೆಗೆ ಯೋಗ್ಯವಾದ ಪ್ರಯೋಗ ಯಾವುದು?

ಕಳಸದ ಮೇಷ್ಟ್ರು

ಮಾರ್ಷ್‌ಮ್ಯಾಲೋದಿಂದಲೇ ಶುರು ಮಾಡ್ತೀನಿ, ಹೆಚ್ಚು ಹಾನಿ ಮಾಡ್ತಿರೋದು ಅದೇ.

ಮೂಲ ಪ್ರಯೋಗ ಮತ್ತು ಅದರ ಜನಪ್ರಿಯ ಕಥೆ ಬೇರೆ ಬೇರೆ. ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ ನೋಡ್ತಿದ್ದದ್ದು, ಯಾವ ಸನ್ನಿವೇಶದಲ್ಲಿ ಮಗು ಹೆಚ್ಚು ಹೊತ್ತು ಕಾಯುತ್ತೆ ಅಂತ. 1970ರ ಪ್ರಬಂಧದಲ್ಲಿ, ತಿಂಡಿ ಕಣ್ಣೆದುರು ಇಲ್ಲದಿದ್ದಾಗ ಮಕ್ಕಳು ಸರಾಸರಿ 11 ನಿಮಿಷ ಕಾದರು. ಈಗ ಸಿಗೋದು, ಆಮೇಲೆ ಸಿಗೋದು ಎರಡೂ ಎದುರಿಗಿದ್ದಾಗ ಸುಮಾರು 1 ನಿಮಿಷ. ಅಂದರೆ ಮಗುವಿನ ಮುಂದಿನ ತಟ್ಟೆ ಮುಚ್ಚಿದರೇ ಫಲಿತಾಂಶ ಬದಲಾಗುತ್ತೆ. ಶಿಕ್ಷಕರಿಗೆ ಉಪಯೋಗಕ್ಕೆ ಬರೋದು ಈ ಭಾಗ. ಸಭೆಗಳಲ್ಲಿ ಯಾರೂ ಹೇಳದೇ ಇರೋದೂ ಇದೇ.

ಭವಿಷ್ಯ ಹೇಳೋ ಭಾಗ ಬಂದಿದ್ದು 1990ರಲ್ಲಿ. ಕಾದ ಹೊತ್ತಿಗೂ ಮುಂದೆ ಕಾಲೇಜು ಪ್ರವೇಶ ಪರೀಕ್ಷೆಯ ಗಣಿತದ ಅಂಕಕ್ಕೂ 0.57 ಸಹಸಂಬಂಧ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) ಸಿಕ್ಕಿತು. ಈ ಸಂಖ್ಯೆ ನಿಂತಿದ್ದು 35 ಮಕ್ಕಳ ಮೇಲೆ. ಆ ಶಿಶುವಿಹಾರಕ್ಕೆ ಬರ್ತಿದ್ದವರೋ ಹೆಚ್ಚಾಗಿ ವಿಶ್ವವಿದ್ಯಾಲಯದ ಸುತ್ತಮುತ್ತಲ ಓದಿದ ಮನೆಗಳ ಮಕ್ಕಳು. 2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದರು, ಅದರಲ್ಲೂ ತಾಯಿ ಪದವಿ ಓದಿರದ ಮನೆಗಳ ಮಕ್ಕಳ ಮೇಲೆ ಗಮನ ಇಟ್ಟರು. ಸಂಬಂಧ ಇತ್ತು, ಆದರೆ ಮೊದಲಿನದರ ಅರ್ಧದಷ್ಟೇ. ಮನೆಯ ಪರಿಸ್ಥಿತಿ, ಮಗುವಿನ ಆರಂಭದ ಕಲಿಕಾ ಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಉಳಿದಿದ್ದರಲ್ಲೂ ಮೂರರಲ್ಲಿ ಎರಡು ಪಾಲು ಹೋಯ್ತು. 2024ರಲ್ಲಿ ಅದೇ ಮಾಹಿತಿಯ 702 ಜನರನ್ನ 26ನೇ ವಯಸ್ಸಿನಲ್ಲಿ ನೋಡಿದಾಗ, ಈ ಪರೀಕ್ಷೆ ದೊಡ್ಡವರಾದ ಮೇಲಿನ ಬದುಕನ್ನ ಭರವಸೆಯಿಂದ ಊಹಿಸಲ್ಲ ಅಂತ ತೀರ್ಮಾನ ಬಂತು.

ಒಂದು ಎಚ್ಚರಿಕೆ: 2018ರದ್ದು ಪಡಿಯಚ್ಚು ಮರುಪ್ರಯೋಗ ಅಲ್ಲ. ಮೂಲದಲ್ಲಿ 15-20 ನಿಮಿಷ ಕಾಯಬೇಕಿತ್ತು, ಇಲ್ಲಿ 7 ನಿಮಿಷಕ್ಕೇ ಮುಗಿಸಿದ್ದರು. ಹಾಗಾಗಿ "ಮಿಶೆಲ್ ಸುಳ್ಳು" ಅಂತ ಹೇಳಬೇಡಿ. ಭವಿಷ್ಯದ ಬಗ್ಗೆ ಹೇಳಿದ ಮಾತು ತುಂಬಾ ದೊಡ್ಡದಾಗಿತ್ತು ಅನ್ನಿ, ಸಾಕು.

ಲೈನ್ ಮನೆ ಮಕ್ಕಳ ವಿಷಯಕ್ಕೆ ನೇರ ಸಂಬಂಧಪಟ್ಟಿದ್ದು ಇನ್ನೊಂದಿದೆ. 2013ರಲ್ಲಿ ಸೆಲೆಸ್ಟ್ ಕಿಡ್ ತಂಡದವರು ಮೊದಲು ಮಗುವಿಗೆ ಹಳೇ ಕ್ರೆಯಾನ್ ಕೊಟ್ಟು, ಕಾದರೆ ಒಳ್ಳೇದು ತರ್ತೀವಿ ಅಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಇನ್ನರ್ಧಕ್ಕೆ "ಸಾರಿ, ಇಲ್ಲ" ಅಂದರು. ಆಮೇಲೆ ಮಾರ್ಷ್‌ಮ್ಯಾಲೋ ಇಟ್ಟಾಗ ಮಾತು ಉಳಿಸಿಕೊಂಡವರ ಹತ್ತಿರ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಹತ್ತಿರ 3 ನಿಮಿಷ. ಗುಂಪಿಗೆ 14 ಮಕ್ಕಳಷ್ಟೇ, ಸಂಖ್ಯೆಯನ್ನ ಜೋಪಾನವಾಗಿ ಹೇಳಿ. ಆದರೂ ಕೊಟ್ಟ ಮಾತು ನಡೆಯದ ಮನೆಯಲ್ಲೋ ಶಾಲೆಯಲ್ಲೋ ಬೆಳೆದ ಮಗು ಸಿಕ್ಕಿದ್ದನ್ನ ಕೂಡಲೇ ತಿಂದರೆ ಅದು ಬುದ್ಧಿವಂತಿಕೆಯೇ ಇರಬಹುದು ಅನ್ನೋದು ಶಿಕ್ಷಕರ ಕಿವಿಗೆ ಬೀಳಬೇಕು.

ಏನಿಟ್ಟು ಕಾಯಿಸ್ತೀರಿ ಅನ್ನೋದೂ ಮುಖ್ಯ. 2022ರಲ್ಲಿ ಯಾನಾಒಕಾ ತಂಡ ಜಪಾನ್ ಮತ್ತು ಅಮೆರಿಕದ 144 ಮಕ್ಕಳನ್ನ ನೋಡಿತು. ತಿಂಡಿಗೆ ಜಪಾನಿನ ಮಕ್ಕಳು ತುಂಬಾ ಹೊತ್ತು ಕಾದರು, ಉಡುಗೊರೆ ಪೊಟ್ಟಣ ಬಿಚ್ಚೋಕೆ ಅಮೆರಿಕದ ಮಕ್ಕಳು. ಎಲ್ಲರೂ ಕೂತ ಮೇಲೆ ಉಣ್ಣೋದು ಜಪಾನಿನಲ್ಲಿ ರೂಢಿ, ಕ್ರಿಸ್‌ಮಸ್ ತನಕ ಪೊಟ್ಟಣ ಮುಟ್ಟದೇ ಇರೋದು ಅಮೆರಿಕದಲ್ಲಿ ರೂಢಿ. ನೈವೇದ್ಯ ಆಗೋವರೆಗೆ ಕಡುಬು ಮುಟ್ಟಬಾರದು ಅಂತ ಬೆಳೆದ ನಮ್ಮ ಮಕ್ಕಳ ಮುಂದೆ ಚಿಕ್ಕಿ ಇಟ್ಟರೆ ಅಳೆಯೋದು ಸಂಯಮವನ್ನೋ ರೂಢಿಯನ್ನೋ ಅನ್ನೋ ಪ್ರಶ್ನೆ ಅಲ್ಲೇ ಎದುರಾಗುತ್ತೆ.

ಯಗಚಿ

ಜೈಲು ಪ್ರಯೋಗ ತೆಗೆದುಬಿಡಿ. ಹೇಳಲೇಬೇಕು ಅಂದರೆ ಪ್ರಯೋಗ ಹೇಗೆ ಕೆಡುತ್ತೆ ಅನ್ನೋದಕ್ಕೆ ಉದಾಹರಣೆಯಾಗಿ ಹೇಳಿ. 1971ರ ಆಗಸ್ಟ್‌ನಲ್ಲಿ ಮನೋವಿಜ್ಞಾನಿ ಜಿಂಬಾರ್ಡೊ 24 ಯುವಕರನ್ನ ಆರಿಸಿ, ಕೈದಿ, ಕಾವಲುಗಾರ ಅಂತ ಪಾತ್ರ ಹಂಚಿ ಅಣಕು ಜೈಲು ಶುರು ಮಾಡಿ, ಎರಡು ವಾರ ಅಂದುಕೊಂಡಿದ್ದನ್ನ ಆರು ದಿನಕ್ಕೆ ನಿಲ್ಲಿಸಿದರು. ಸಮವಸ್ತ್ರ ಹಾಕಿದರೆ ಸಾಕು, ಸಾಮಾನ್ಯ ಹುಡುಗರೂ ತಾವಾಗಿಯೇ ಕ್ರೂರಿಗಳಾಗ್ತಾರೆ ಅನ್ನೋದು ಪಠ್ಯಪುಸ್ತಕದ ಸಾರ. 2019ರಲ್ಲಿ ಲ ಟೆಕ್ಸಿಯೆ ಅನ್ನೋ ಸಂಶೋಧಕ ದಾಖಲೆ, ಧ್ವನಿಮುದ್ರಿಕೆ ತೆಗೆದು ನೋಡಿದಾಗ "ತಾವಾಗಿಯೇ" ಅನ್ನೋದು ಬಿದ್ದುಹೋಯ್ತು. ಕಾವಲುಗಾರರಿಗೆ ಮೊದಲೇ ಸೂಚನೆ ಕೊಟ್ಟಿದ್ದರು. ಮೆತ್ತಗಿದ್ದ ಒಬ್ಬನಿಗೆ ಇನ್ನೂ ಗಟ್ಟಿಯಾಗಿರು ಅಂತ ವಾರ್ಡನ್ ಪಾತ್ರದ ವಿದ್ಯಾರ್ಥಿ ಒತ್ತಾಯ ಮಾಡೋದು ಟೇಪ್‌ನಲ್ಲೇ ಇದೆ. ಬ್ರಿಟನ್ನಿನಲ್ಲಿ ಹ್ಯಾಸ್ಲಮ್ ಮತ್ತು ರೈಷರ್ 15 ಜನರ ಜೊತೆ ಮಾಡಿದ ಜೈಲು ಅಧ್ಯಯನ 2002ರಲ್ಲಿ ಬಿಬಿಸಿಯಲ್ಲಿ ಬಂತು. ಅಲ್ಲಿ ಕಾವಲುಗಾರರು ಒಗ್ಗಟ್ಟಾಗಲೇ ಇಲ್ಲ, ಕೈದಿಗಳೇ ಮೇಲುಗೈ ಪಡೆದರು. ಇಷ್ಟಾದರೂ ಮೂಲ ಕಥೆಯ ಪ್ರಭಾವ ನ್ಯಾಯಾಲಯದ ತನಕ ಹೋಗಿದೆ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಹಿಂಸೆ ಕೊಟ್ಟ ಪ್ರಕರಣದಲ್ಲಿ ಆರೋಪಿ ಸೈನಿಕನೊಬ್ಬನ ಪರ ಜಿಂಬಾರ್ಡೊ ತಜ್ಞಸಾಕ್ಷಿಯಾಗಿದ್ದರು.

ಮಿಲ್‌ಗ್ರಾಮ್ ಬೇರೆ. ಅದು ನಿಂತಿದೆ. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗೆಲ್ಲ ಶಾಕ್ ಹೆಚ್ಚಿಸುತ್ತಾ ಹೋಗಿ ಅಂತ ಅದರಲ್ಲಿ ಆದೇಶ; ಶಾಕ್ ಸುಳ್ಳು, ಆದರೆ ಗುಂಡಿ ಒತ್ತೋರಿಗೆ ಅದು ಗೊತ್ತಿರಲಿಲ್ಲ. 1963ರ ವರದಿಯಲ್ಲಿ 40ರಲ್ಲಿ 26 ಜನ, ಅಂದರೆ ಶೇ. 65, 450 ವೋಲ್ಟ್ ತನಕ ಹೋದರು. ಬರ್ಗರ್ 2009ರಲ್ಲಿ ನೈತಿಕ ಕಾರಣಕ್ಕೆ 150 ವೋಲ್ಟ್‌ನಲ್ಲೇ ನಿಲ್ಲಿಸಿ ನೋಡಿದಾಗ, ಮುಂದುವರಿಯೋಕೆ ಸಿದ್ಧರಿದ್ದವರು ಶೇ. 70, ಮಿಲ್‌ಗ್ರಾಮ್‌ಗೆ ಅದೇ ಹಂತದಲ್ಲಿ ಸಿಕ್ಕಿದ್ದು 82.5. ಪೋಲೆಂಡಿನಲ್ಲಿ 2017ರಲ್ಲಿ 80 ಜನರಲ್ಲಿ ಶೇ. 90 ಅಲ್ಲಿನ ಕೊನೇ ಗುಂಡಿ (10ನೇದು, 450 ವೋಲ್ಟ್‌ನದಲ್ಲ) ಒತ್ತಿದರು. ಆದರೆ ಶೇ. 65 ಅನ್ನೋ ಒಂದೇ ಸಂಖ್ಯೆ ಹೇಳಿ ಬಿಡಬೇಡಿ. ಶಾಕ್ ತಿನ್ನೋ ಮನುಷ್ಯ ಅದೇ ಕೋಣೆಯಲ್ಲಿದ್ದಾಗ ಶೇ. 40, ಅವನ ಕೈ ಹಿಡಿದು ಶಾಕ್ ತಟ್ಟೆ ಮೇಲೆ ಇಡಬೇಕಾದಾಗ ಶೇ. 30, ಆದೇಶ ಫೋನಿನಲ್ಲಿ ಬಂದಾಗ ಸುಮಾರು ಶೇ. 20. ಅಧಿಕಾರ ದೂರ ಹೋದಷ್ಟೂ, ನೋವು ಹತ್ತಿರ ಬಂದಷ್ಟೂ ಜನ ನಿಲ್ಲಿಸ್ತಾರೆ. ಶಿಕ್ಷಕರಿಗೆ ಬೇಕಾದ್ದು ಈ ಇಳಿಜಾರು. ಈ ಪ್ರಯೋಗವನ್ನ ನಾಟಕದ ರೂಪದಲ್ಲೂ ಮಕ್ಕಳ ಮೇಲೆ ಮಾಡಬೇಡಿ.

ಬಟವಾಡೆ

ಉಳಿದೆರಡರ ಬಗ್ಗೆ. ಸಂಕಲ್ಪಶಕ್ತಿ ಖಾಲಿಯಾಗೋದು ಅನ್ನೋದಕ್ಕೆ ಮೂಲ 1998ರಲ್ಲಿ ಬೌಮೈಸ್ಟರ್ ತಂಡ ಮಾಡಿದ ಮೂಲಂಗಿ-ಚಾಕೊಲೇಟ್ ಪ್ರಯೋಗ (ಚಾಕೊಲೇಟ್ ಮುಟ್ಟದೇ ಮೂಲಂಗಿ ತಿಂದವರು ಆಮೇಲೆ ಕಷ್ಟದ ಒಗಟನ್ನ ಬೇಗ ಕೈಬಿಟ್ಟರು), 67 ಜನ. 2016ರಲ್ಲಿ 23 ಪ್ರಯೋಗಾಲಯಗಳಲ್ಲಿ 2,141 ಜನರ ಮೇಲೆ ನೋಡಿದಾಗ ಪರಿಣಾಮದ ಗಾತ್ರ 0.04, ಅಂದರೆ ಇಲ್ಲವೆನ್ನುವಷ್ಟು. 2021ರಲ್ಲಿ ಈ ಸಿದ್ಧಾಂತದ ಪರ ಇದ್ದವರೇ ಮುಂದೆ ನಿಂತು 36 ಪ್ರಯೋಗಾಲಯಗಳಲ್ಲಿ ಮಾಡಿದರು, 0.06 ಬಂತು. ನಮಗೆ ಇನ್ನೂ ಹತ್ತಿರದ್ದು 2017ರಲ್ಲಿ ಸವಾನಿ ಮತ್ತು ಯೋಬ್ ಪ್ರಕಟಿಸಿದ್ದು. ಮನಸ್ಸು ಬಿಗಿಹಿಡಿದರೆ ಶಕ್ತಿ ಹೆಚ್ಚುತ್ತೆ ಅನ್ನೋ ನಂಬಿಕೆ ಭಾರತೀಯರಲ್ಲಿ ಹೆಚ್ಚು, ಅವರಲ್ಲಿ ಕಷ್ಟದ ಕೆಲಸದ ನಂತರದ ಕೆಲಸ ಇನ್ನೂ ಚೆನ್ನಾಗಿ ಆಯ್ತು ಅಂತ. ಇದನ್ನೂ ಬೇರೆಯವರು ದೊಡ್ಡ ಮಾದರಿಯಲ್ಲಿ ಮಾಡಿ ನೋಡೋವರೆಗೆ ಪಾಠ ಮಾಡಬೇಡಿ. "ಮಕ್ಕಳ ಸಂಕಲ್ಪ ಮಧ್ಯಾಹ್ನಕ್ಕೆ ಖಾಲಿ" ಅನ್ನೋ ಸಾಲನ್ನಂತೂ ಟಿಪ್ಪಣಿಯಿಂದ ಅಳಿಸಿ.

ಗ್ರೋತ್ ಮೈಂಡ್‌ಸೆಟ್ ಉಳಿಸಿ, ಆದರೆ ಅಳತೆ ಹೇಳಿ. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಿಗೆ ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಆನ್‌ಲೈನ್ ಪಾಠ ಕೊಟ್ಟರು. ಅಂಕದಲ್ಲಿ ಹಿಂದಿದ್ದ ಮಕ್ಕಳ ಗ್ರೇಡ್ ಸರಾಸರಿ (ಗರಿಷ್ಠ ಸುಮಾರು 4 ಇರೋ ಅಳತೆಯಲ್ಲಿ) 0.10 ಏರಿತು. ಗಂಟೆ ಹೊತ್ತಿನ ಕೆಲಸಕ್ಕೆ ಅದು ಒಳ್ಳೇದೇ. ಆದರೆ ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದ 202 ಶಾಲೆಗಳಲ್ಲಿ ಮಾಡಿದಾಗ ಪರಿಣಾಮ ಕಾಣಲಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸಿದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಏರುತ್ತೆ ಅನ್ನೋ ಆಸೆ ಹುಟ್ಟಿಸಬೇಡಿ.

ತೆಗೆದ ಜಾಗಕ್ಕೆ ಒಂದು ಸೇರಿಸಿ: 2013ರ ಕಬ್ಬು ಬೆಳೆಗಾರರ ಅಧ್ಯಯನ. ತಮಿಳುನಾಡಿನ 54 ಹಳ್ಳಿಗಳ 464 ರೈತರಿಗೆ ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಅದೇ ಬಗೆಯ ಬುದ್ಧಿಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಅದೇ ರೈತರು ಚೆನ್ನಾಗಿ ಮಾಡಿದರು. ಎರಡನೇ ಸಲ ಅಭ್ಯಾಸದಿಂದ ಚೆನ್ನಾಗಿ ಮಾಡಿರಬಹುದಲ್ಲ ಅನ್ನೋ ಅನುಮಾನಕ್ಕೆ, 100 ರೈತರನ್ನ ಬೇರೆ ಇಟ್ಟು ಕಟಾವಿನ ನಂತರವೇ ಮೊದಲ ಸಲ ಪರೀಕ್ಷಿಸಿದ್ದರು. ಚನ್ನರಾಯಪಟ್ಟಣ, ಹೊಳೆನರಸೀಪುರದ ಶಿಕ್ಷಕರಿಗೆ ಇದು ಕೂಡಲೇ ಅರ್ಥ ಆಗುತ್ತೆ. ಹಾಗಂತ ಇದನ್ನೂ ಕೊನೇ ಮಾತು ಅನ್ನಬೇಡಿ. 2016ರಲ್ಲಿ ಅಮೆರಿಕದ ಕಡಿಮೆ ಆದಾಯದವರನ್ನ ಸಂಬಳಕ್ಕೆ ಮುಂಚೆ, ಸಂಬಳದ ನಂತರ ನೋಡಿದಾಗ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಕೊರತೆಯ ಬಗ್ಗೆ ಬಂದಿದ್ದ 20 ಅಧ್ಯಯನಗಳನ್ನ ಮತ್ತೆ ಮಾಡಿದಾಗ ಗಣನೀಯವಾಗಿ ಬಂದಿದ್ದು 4. ವಾರದ ಬಟವಾಡೆ ಮತ್ತು ವರ್ಷಕ್ಕೊಂದು ಕಟಾವು ಒಂದೇ ರೀತಿ ಮನಸ್ಸಿನ ಮೇಲೆ ಕೂರುತ್ತಾ ಅನ್ನೋದು ಇನ್ನೂ ತೆರೆದ ಪ್ರಶ್ನೆ, ಶಿಕ್ಷಕರ ಜೊತೆ ಚರ್ಚೆಗೆ ಚೆನ್ನಾಗಿದೆ.

ಹೇಮಾವತಿ ದಂಡೆ, ಹಾಸನ

ಮೂವರಿಗೂ ಧನ್ಯವಾದ. ಜೈಲು ಮತ್ತು ಸಂಕಲ್ಪಶಕ್ತಿ ತೆಗೆದು ಕಬ್ಬಿನದ್ದು ಸೇರಿಸ್ತೀನಿ. ತರಗತಿಯಲ್ಲಿ ಮಾಡಿ ತೋರಿಸೋದರ ಬಗ್ಗೆ ಯಾರಾದರೂ ಹೇಳಿ. ಮುಳ್ಳಯ್ಯನಗಿರಿಯ ಎತ್ತರ 600 ಮೀಟರಿಗಿಂತ ಹೆಚ್ಚೋ ಕಡಿಮೆಯೋ ಅಂತ ಕೇಳಿ, ಆಮೇಲೆ ಅಂದಾಜು ಬರೆಸಿದರೆ ಹೇಗೆ?

ಕಳಸದ ಮೇಷ್ಟ್ರು

ಮುಳ್ಳಯ್ಯನಗಿರಿ ಬೇಡ. ಅದರ ಎತ್ತರ ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಇದೆ, ಮಕ್ಕಳಿಗೆ ಬಾಯಿಪಾಠ. ಗೊಮ್ಮಟನ ಎತ್ತರವೂ ಹಾಗೇ. ಉತ್ತರ ಗೊತ್ತಿದ್ದವರ ಮೇಲೆ ಮೊದಲು ಕೇಳಿದ ಸಂಖ್ಯೆಯ ಎಳೆತ (ಅಂದಾಜು ಆ ಸಂಖ್ಯೆಯ ಕಡೆಗೇ ವಾಲೋದು) ಕೆಲಸ ಮಾಡಲ್ಲ. ಹಾಸನದಿಂದ ಬೀದರಿಗೆ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ಅಂತ ಕೇಳಿ. ಒಂದು ಚೀಟಿಯಲ್ಲಿ "300ಕ್ಕಿಂತ ಹೆಚ್ಚೋ ಕಡಿಮೆಯೋ", ಇನ್ನೊಂದರಲ್ಲಿ "1,500ಕ್ಕಿಂತ". ಕೆಳಗೆ ಅಂದಾಜು ಬರೆಯೋಕೆ ಗೆರೆ. 2013ರಲ್ಲಿ 36 ಮಾದರಿಗಳಲ್ಲಿ, 6,000ಕ್ಕೂ ಹೆಚ್ಚು ಜನರ ಮೇಲೆ 13 ಹಳೇ ಪರಿಣಾಮಗಳನ್ನ ಮತ್ತೆ ನೋಡಿದಾಗ ಗಟ್ಟಿಯಾಗಿ ನಿಂತವುಗಳಲ್ಲಿ ಇದೂ ಒಂದು.

ಕೆಡೋದು ಹಂಚೋವಾಗ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕೂರೋ ತರಗತಿಯಲ್ಲಿ ಒಂದೊಂದು ಕಡೆಗೆ ಒಂದೊಂದು ಚೀಟಿ ಕೊಟ್ಟರೆ ಬಂದ ವ್ಯತ್ಯಾಸ ಯಾವುದರದ್ದು ಅಂತ ಗೊತ್ತಾಗಲ್ಲ. ಎರಡೂ ಬಗೆಯನ್ನ ಇಸ್ಪೀಟಿನ ಹಾಗೆ ಚೆನ್ನಾಗಿ ಕಲಸಿ, ಮಡಚಿ, ಹಾಜರಿ ಕ್ರಮದಲ್ಲಿ ಹಂಚಿ. ಮಾತು ಬೇಡ, ಎರಡು ನಿಮಿಷದಲ್ಲಿ ವಾಪಸ್ ತಗೊಳ್ಳಿ. ಒಬ್ಬ 15,000 ಅಂತ ಬರೆದರೂ ಸರಾಸರಿ ಕೆಡುತ್ತೆ, ಹಾಗಾಗಿ ಮಧ್ಯಾಂಕ ನೋಡಿ.

ಎಷ್ಟು ಮಕ್ಕಳು ಬೇಕು? ಮಧ್ಯಮ ಗಾತ್ರದ ಪರಿಣಾಮ, ಅಂದರೆ 0.5, ಹಿಡಿಯೋಕೆ ಐದಕ್ಕೆ ನಾಲ್ಕು ಸಲ ಅವಕಾಶ ಬೇಕಾದರೆ ಗುಂಪಿಗೆ 64. ಪರಿಣಾಮ 0.2 ಆದರೆ ಗುಂಪಿಗೆ ಸುಮಾರು 400. ಎರಡು ಸೆಕ್ಷನ್ ಸೇರಿಸಿದರೆ ಮೊದಲನೇದು ಆಗುತ್ತೆ, ಎರಡನೇದು ಒಂದು ಶಾಲೆಯಲ್ಲಿ ಆಗೋ ಮಾತಲ್ಲ. ಈ ಲೆಕ್ಕವನ್ನ ಬೋರ್ಡ್ ಮೇಲೆ ಬರೆದು ತೋರಿಸಿ. ಗುಂಪಿಗೆ 14, 20 ಜನ ಇದ್ದ ಹಳೇ ಅಧ್ಯಯನಗಳು ಯಾಕೆ ಅಲುಗಾಡಿದವು ಅಂತ ಶಿಕ್ಷಕರಿಗೆ ತಾನಾಗಿಯೇ ಹೊಳೆಯುತ್ತೆ.

ಯಗಚಿ

ಅಷ್ಟು ಮಕ್ಕಳು ಸಿಗದಿದ್ದರೆ ಸ್ಟ್ರೂಪ್ ಮಾಡಿ (ಒಂದು ಬಣ್ಣದ ಹೆಸರನ್ನ ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿಸೋದು), 20-30 ಜನ ಸಾಕು. ಒಂದೇ ಮಗು ಎರಡೂ ಹಾಳೆ ಓದೋದರಿಂದ ವ್ಯತ್ಯಾಸ ಸ್ಪಷ್ಟವಾಗಿ ಬರುತ್ತೆ. 1935ರ ಮೂಲದಲ್ಲಿ 100 ಬಣ್ಣದ ಚೌಕಗಳ ಬಣ್ಣ ಹೇಳೋಕೆ ಸರಾಸರಿ 63 ಸೆಕೆಂಡ್, ಬೇರೆ ಬಣ್ಣದ ಹೆಸರು ಬರೆದಿದ್ದ ಪದಗಳ ಶಾಯಿ ಬಣ್ಣ ಹೇಳೋಕೆ 110.

ಕನ್ನಡದಲ್ಲಿ ಕೆಂಪು, ಹಸಿರು, ನೀಲಿ, ಕಪ್ಪು ತಗೊಳ್ಳಿ. ಹಳದಿ ಬಿಳಿ ಹಾಳೆ ಮೇಲೆ ಕಾಣಲ್ಲ. ಹಾಳೆಗೆ 40, ಬಣ್ಣಕ್ಕೆ 10, ಒಂದೇ ಬಣ್ಣ ಪಕ್ಕಪಕ್ಕ ಬರದ ಹಾಗೆ. ಮೊದಲ ಹಾಳೆಯಲ್ಲಿ ಚೌಕ, ಎರಡನೇದರಲ್ಲಿ ಪದ. ಅರ್ಧ ಮಕ್ಕಳಿಗೆ ಚೌಕ ಮೊದಲು, ಇನ್ನರ್ಧಕ್ಕೆ ಪದ ಮೊದಲು. ಇಲ್ಲದಿದ್ದರೆ ಅಭ್ಯಾಸದ ಪರಿಣಾಮ ಬೆರೆಯುತ್ತೆ. ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಮಾಡಿಸಿ, ಒಳಗಿನವರಿಗೆ ಕೇಳಿಸಬಾರದು. ತಪ್ಪು ಹೇಳಿದರೆ ಸರಿ ಮಾಡಿಕೊಂಡೇ ಮುಂದೆ ಹೋಗಬೇಕು. ಕೆಂಪು-ಹಸಿರು ಗುರುತಿಸೋಕೆ ಕಷ್ಟ ಇರೋ ಮಗು ಇದ್ದರೆ ಎಲ್ಲರೆದುರು ಗೊತ್ತಾಗದ ಹಾಗೆ ಸಮಯ ಬರೆಯೋ ಕೆಲಸ ಕೊಡಿ. ಕನ್ನಡ ಓದು ನಿಧಾನ ಇರೋ ಮಕ್ಕಳಲ್ಲಿ ವ್ಯತ್ಯಾಸ ಕಡಿಮೆ ಬರುತ್ತೆ, ಪದ ತಾನಾಗಿಯೇ ಕಣ್ಣಿಗೆ ಓದಿಸಿಕೊಳ್ಳದಿದ್ದರೆ ಅಡ್ಡಿಯೂ ಇಲ್ಲ. ಅವರನ್ನ ಆಮೇಲೆ ಲೆಕ್ಕದಿಂದ ತೆಗೀಬೇಡಿ. ಯಾರನ್ನ ಸೇರಿಸ್ತೀರಿ, ಏನು ಎಣಿಸ್ತೀರಿ ಅನ್ನೋದನ್ನ ಮೊದಲೇ ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮುಖ್ಯ ಶಿಕ್ಷಕರ ಕೈಗೆ ಕೊಡಿ.

ಹೆಸರು ಬರೆಸಬೇಡಿ, ಅಂಕಕ್ಕೆ ಸೇರಿಸಬೇಡಿ. ಪೋಷಕರ ಒಪ್ಪಿಗೆ ಚೀಟಿ ಮೊದಲೇ ಬರಲಿ, ಬೇಡ ಅಂದ ಮಗುವನ್ನ ಯಾಕೆ ಅಂತ ಕೇಳಬೇಡಿ.