‘ಗೋ’ ಅಂದರೆ ಬರೀ ‘ಹೋಗು’ ಅಲ್ಲ: ನಿಮಗೆ ಹೇಗೆ ರೂಢಿಯಾಯಿತು?

ಕೇಳಿದವರು: ಹೊಸ ಕೆಲಸದಲ್ಲಿ ದಿನಾ ಇಂಗ್ಲಿಷ್ ಮಾತಾಡಬೇಕು. ದೊಡ್ಡ ದೊಡ್ಡ ಪದಗಳಿಗಿಂತ ‘ಗೋ’ ಅನ್ನುವ ಪುಟ್ಟ ಪದವೇ ನನ್ನನ್ನು ಜಾಸ್ತಿ ಕಾಡುತ್ತಿದೆ. ‘ಹೋಗು’ ಅಂತ ಅರ್ಥ ಮಾಡಿಕೊಂಡರೆ ಅರ್ಧ ವಾಕ್ಯಗಳು ಹೊಂದುವುದೇ ಇಲ್ಲ. ಎಲ್ಲಿ ‘ಟು’ ಹಾಕಬೇಕು, ಎಲ್ಲಿ ಬೇಡ ಅನ್ನುವುದೂ ತಿಳಿಯುತ್ತಿಲ್ಲ. ಇದನ್ನು ದಾಟಿ ಬಂದವರು ನಿಮ್ಮ ಅನುಭವ ಹೇಳ್ತೀರಾ?

ಮೊದಲ ಉತ್ತರ: ‘ಟು’ ವಿಷಯ ನಾನು ಹೇಳುತ್ತೇನೆ. ನಮ್ಮ ತಪ್ಪು ಹುಟ್ಟುವುದು ಕನ್ನಡದ ‘ಗೆ’ಯಿಂದ. ಮನೆಗೆ, ಅಲ್ಲಿಗೆ, ಮೇಲಕ್ಕೆ, ವಿದೇಶಕ್ಕೆ. ಹೋಗುವ ಕಡೆಗೆಲ್ಲ ನಾವು ‘ಗೆ’ ಅಥವಾ ‘ಕ್ಕೆ’ ಹಚ್ಚುತ್ತೇವೆ. ಅದೇ ಅಭ್ಯಾಸದಲ್ಲಿ ‘ಗೋ ಟು ಹೋಮ್’, ‘ಗೋ ಟು ದೇರ್’ ಅಂದುಬಿಡುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಹೋಮ್, ದೇರ್, ಅಪ್‌ಸ್ಟೇರ್ಸ್, ಅಬ್ರಾಡ್ ಇಂಥ ಪದಗಳ ಹೊಟ್ಟೆಯಲ್ಲೇ ಆ ‘ಗೆ’ ಇರುತ್ತದೆ. ಹಾಗಾಗಿ ‘ಗೋ ಹೋಮ್’ ಅಂದರೆ ಸಾಕು. ‘ಹೋಮ್’ ಬದಲು ‘ಮೈ ಹೌಸ್’ ಬಂದರೆ ಮಾತ್ರ ‘ಟು’ ಬೇಕೇ ಬೇಕು. ನಾನು ಇಂಥ ಏಳೆಂಟು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಂಡಿದ್ದೆ. ಒಂದು ತಿಂಗಳಲ್ಲಿ ಬಾಯಿಗೆ ಕೂತಿತು.

ಇದರ ಜೊತೆಗೇ ಶಾಪಿಂಗ್, ಸ್ವಿಮ್ಮಿಂಗ್, ಫಿಶಿಂಗ್ ಸೇರಿಸಿಕೊಳ್ಳಿ. ಅಲ್ಲೂ ‘ಟು’ ಇಲ್ಲ, ಸೀದಾ ‘ಗೋ ಶಾಪಿಂಗ್’. ‘ಗೋ ಫಾರ್ ವಾಕಿಂಗ್’ ಅನ್ನುವವರು ನಮ್ಮಲ್ಲಿ ತುಂಬ ಜನ. ‘ಗೋ ಫಾರ್ ಎ ವಾಕ್’ ಅನ್ನಿ, ಇಲ್ಲ ‘ಗೋ ವಾಕಿಂಗ್’ ಅನ್ನಿ. ಎರಡನ್ನೂ ಬೆರೆಸಬೇಡಿ.

ಎರಡನೆಯವರು: ನನ್ನ ಅನುಭವ ಸ್ವಲ್ಪ ಬೇರೆ. ‘ಗೋ’ ಅಂದರೆ ‘ಹೋಗು’ ಅಲ್ಲ ಅಂತ ಮೊದಮೊದಲು ನಾನೂ ಬೇಜಾರು ಮಾಡಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಮ್ಮ ‘ಹೋಗು’ ಕೂಡ ಬರೀ ನಡೆದು ಹೋಗುವುದಲ್ಲ. ಹಾಲು ಕೆಟ್ಟು ಹೋಯಿತು, ಬಾವಿ ಬತ್ತಿ ಹೋಯಿತು, ಕೆಲಸ ಹಾಳಾಗಿ ಹೋಯಿತು ಅನ್ನುತ್ತೇವಲ್ಲ, ಅಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ಸರಿಯಿದ್ದದ್ದು ಕೆಟ್ಟಿತು, ಅಷ್ಟೇ. ಇಂಗ್ಲಿಷಿನ ‘ಗೋ’ ಮಾಡುವುದೂ ಇದನ್ನೇ. ಹಾಲು ‘ಗೋಸ್ ಸೌರ್’, ಕೂದಲು ‘ಗೋಸ್ ಗ್ರೇ’, ಕಂಪ್ಯೂಟರ್ ಪರದೆ ‘ಗೋಸ್ ಬ್ಲ್ಯಾಂಕ್’, ಕಣ್ಣು ಕಾಣದಾದರೆ ‘ಗೋ ಬ್ಲೈಂಡ್’. ಹೆಚ್ಚಾಗಿ ಬೇಡದ ಕಡೆಗೆ ತಿರುಗುವ ಬದಲಾವಣೆಗಳು. ಕನಸು ನನಸಾದರೆ ಮಾತ್ರ ‘ಕಮ್ ಟ್ರೂ’. ನಾವೂ ಒಳ್ಳೆಯದಕ್ಕೆ ‘ಕಾಲ ಕೂಡಿ ಬಂತು’ ಅನ್ನುತ್ತೇವೆ, ‘ಕೂಡಿ ಹೋಯಿತು’ ಅನ್ನುವುದಿಲ್ಲ. ಇದು ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆವತ್ತಿನಿಂದ ಹೊಸ ವಾಕ್ಯ ಸಿಕ್ಕಾಗಲೆಲ್ಲ ಮೊದಲು ಕನ್ನಡದ ‘ಹೋಗು’ವಿನಲ್ಲಿ ಇಂಥದ್ದು ಇದೆಯಾ ಅಂತ ನೋಡುತ್ತೇನೆ. ಮುಕ್ಕಾಲು ಪಾಲು ಸಿಗುತ್ತದೆ. ತೀರಿಕೊಂಡವರ ಬಗ್ಗೆ ‘ಹೋಗಿಬಿಟ್ಟರು’ ಅನ್ನುವುದು ಕೂಡ ಎರಡೂ ಕಡೆ ಇದೆ.

ಸಿಗದ ಕಡೆ ಹುಷಾರಾಗಿರಬೇಕು. ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಬೆಳಗ್ಗೆ ಮೇಲಿನವರು ಫೋನ್ ಮಾಡಿ ‘ಡಿಡ್ ದಿ ಅಲಾರಂ ಗೋ ಆಫ್?’ ಅಂತ ಕೇಳಿದರು. ಆಫ್ ಆಯಿತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ‘ನೋ’ ಅಂದೆ. ನಿಜಕ್ಕೂ ಅವರು ಕೇಳಿದ್ದು ಹೊಡೆದುಕೊಂಡಿತಾ ಅಂತ. ಅದು ರಾತ್ರಿ ಎರಡು ಸಲ ಹೊಡೆದುಕೊಂಡಿತ್ತು. ಅಲಾರಂ ಕೆಟ್ಟಿದೆ ಅಂತ ಅವರು ರಿಪೇರಿಯವರನ್ನು ಕಳಿಸಿದರು. ವಿಷಯ ತಿಳಿದಾಗ ನನಗೆ ತುಂಬ ಸಂಕಟವಾಯಿತು. ‘ಗೋ ಆಫ್’ ಯಾವುದರ ಜೊತೆ ಬಂದಿದೆ ಅಂತ ನೋಡಲೇಬೇಕು. ದೀಪವಾದರೆ ಆರಿತು, ಅಲಾರಂ ಆದರೆ ಹೊಡೆದುಕೊಂಡಿತು, ಬಾಂಬ್ ಆದರೆ ಸಿಡಿಯಿತು, ಬ್ರಿಟಿಷರ ಮಾತಿನಲ್ಲಿ ಹಾಲಾದರೆ ಕೆಟ್ಟಿತು.

ಮೂರನೆಯವರು: ‘ಗಾನ್’ ಮತ್ತು ‘ಬೀನ್’ ಬಗ್ಗೆ ಯಾರೂ ಹೇಳಲಿಲ್ಲ. ‘ಶಿ ಹ್ಯಾಸ್ ಗಾನ್ ಟು ದಿ ಬ್ಯಾಂಕ್’ ಅಂದರೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ‘ಶಿ ಹ್ಯಾಸ್ ಬೀನ್ ಟು ದಿ ಬ್ಯಾಂಕ್’ ಅಂದರೆ ಹೋಗಿ ಬಂದಿದ್ದಾಳೆ. ಕನ್ನಡದಲ್ಲಿ ‘ಹೋಗಿ ಬಂದೆ’ ಅನ್ನಬಹುದಾದ ಕಡೆ ‘ಬೀನ್ ಟು’ ಹಾಕಿ. ನನಗೆ ಇದೊಂದೇ ಸಾಕಾಯಿತು.

ಕೇಳಿದವರು: ತುಂಬ ಉಪಯೋಗವಾಯಿತು. ಇನ್ನೊಂದು ಅನುಮಾನ. ‘ಗೋ’ ಇದ್ದದ್ದು ಹಿಂದಿನ ಕಾಲದಲ್ಲಿ ‘ವೆಂಟ್’ ಹೇಗಾಯಿತು? ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತೆ.

ನಾಲ್ಕನೆಯವರು: ನಿಮಗೆ ಅನ್ನಿಸಿದ್ದು ಸರಿ, ಅವೆರಡೂ ಬೇರೆ ಬೇರೆ ಪದಗಳು. ಇಂಗ್ಲಿಷಿನಲ್ಲಿ ‘ವೆಂಡ್’ ಅಂತ ಇನ್ನೊಂದು ಹಳೆಯ ಕ್ರಿಯಾಪದ ಇದೆ. ಮೊದಲು ತಿರುಗು ಅನ್ನುವ ಅರ್ಥ ಇತ್ತು, ಆಮೇಲೆ ಸಾಗು ಅನ್ನುವ ಅರ್ಥವೂ ಬಂತು. ಸೆಂಡ್–ಸೆಂಟ್, ಸ್ಪೆಂಡ್–ಸ್ಪೆಂಟ್ ಇದ್ದ ಹಾಗೆ ವೆಂಡ್–ವೆಂಟ್. ‘ಗೋ’ಗೆ ಇದ್ದ ಹಳೆಯ ಭೂತಕಾಲದ ರೂಪ ಬಳಕೆ ತಪ್ಪಿ, ಆ ಜಾಗಕ್ಕೆ ‘ವೆಂಟ್’ ಬಂದು ಕೂತಿತು. ಕತೆ ಗೊತ್ತಾದ ಮೇಲೆ ನಾನು ಅದನ್ನು ಮರೆತಿಲ್ಲ. ಮಕ್ಕಳಿಗೂ ಸುಮ್ನೆ ಬಾಯಿಪಾಠ ಮಾಡಿಸುವ ಬದಲು ಇದನ್ನು ಹೇಳಿಕೊಡುತ್ತೇನೆ.

‘ಗೊನ್ನಾ’ ಬಗ್ಗೆಯೂ ಒಂದು ಮಾತು. ‘ಗೋಯಿಂಗ್ ಟು’ ಅನ್ನುವುದನ್ನೇ ಮಾತಿನಲ್ಲಿ ಹಾಗೆ ಚಿಕ್ಕದು ಮಾಡುತ್ತಾರೆ. ‘ಐ ಆಮ್ ಗೊನ್ನಾ ಈಟ್’ ಸರಿ, ಊಟ ಮಾಡ್ತೀನಿ ಅಂತ. ಆದರೆ ಜಾಗದ ಹೆಸರಿನ ಮುಂದೆ ‘ಗೊನ್ನಾ’ ಯಾವತ್ತೂ ಬರುವುದಿಲ್ಲ. ನಿಜವಾಗಿ ಹೋಗುತ್ತಿರುವಾಗ ‘ಗೋಯಿಂಗ್ ಟು ದಿ ಬ್ಯಾಂಕ್’ ಅಂತ ಪೂರ್ತಿ ಹೇಳಬೇಕು.

ಐದನೆಯವರು: ನಾನು ಫೋನಿನಲ್ಲಿ ಮಾತಾಡುವ ಕೆಲಸದಲ್ಲಿದ್ದೆ. ಹೊರಡುವಾಗ ನಾವು ‘ಬರ್ತೀನಿ’ ಅನ್ನುತ್ತೇವೆ ಅಲ್ವಾ, ಅದನ್ನೇ ‘ಐ ವಿಲ್ ಕಮ್’ ಅಂದರೆ ಕೇಳಿದವರು ಎಲ್ಲಿಗೆ ಬರ್ತಾರೆ ಅಂತ ಕಾಯುತ್ತಾರೆ. ‘ಐ ಶುಡ್ ಗೆಟ್ ಗೋಯಿಂಗ್’ ಅನ್ನಿ. ಮಿಕ್ಕಂತೆ ಬರು–ಹೋಗು ಲೆಕ್ಕ ಹೆಚ್ಚಾಗಿ ನಮ್ಮದೇ. ಯಾರಾದರೂ ಕರೆದಾಗ ‘ಬಂದೆ’ ಅನ್ನುವ ಕಡೆ ಅವರೂ ‘ಕಮಿಂಗ್’ ಅನ್ನುತ್ತಾರೆ.

ಕೆಲಸದಲ್ಲಿ ನಿಮ್ಮ ಕಿವಿಗೆ ದಿನಾ ಬೀಳುವಂಥವು ಇನ್ನೂ ಕೆಲವು ಇವೆ. ‘ಗೋ ಅಹೆಡ್’ ಅಂದರೆ ‘ಹೇಳಿ, ಮುಂದುವರಿಸಿ’. ‘ಟೂ ಡೇಸ್ ಟು ಗೋ’ ಅಂದರೆ ಇನ್ನು ಎರಡು ದಿನ ಇದೆ. ‘ಹ್ಯಾವ್ ಎ ಗೋ’ ಅಂದರೆ ಒಂದು ಸಲ ಮಾಡಿ ನೋಡಿ. ‘ಹೌ ಇಸ್ ಇಟ್ ಗೋಯಿಂಗ್?’ ಅಂತ ಯಾರಾದರೂ ಕೇಳಿದರೆ ಹೇಗಿದ್ದೀರಿ, ಎಲ್ಲ ಹೇಗೆ ನಡೀತಿದೆ ಅಂತ. ‘ಗುಡ್, ಥ್ಯಾಂಕ್ಸ್’ ಅಂದು ಅವರನ್ನೂ ವಿಚಾರಿಸಿ. ಮೊದಲ ವಾರ ಇಷ್ಟು ಸಾಕು. ಗೊತ್ತಾಗದ ವಾಕ್ಯ ಏನಾದರೂ ಕೇಳಿಸಿದರೆ ಹಾಗೇ ಬರೆದುಕೊಂಡು ಇಲ್ಲಿ ಹಾಕಿ, ನೋಡೋಣ.